ಬ್ರೆಜಿಲ್ ಬೀಟಿ

ಕಡಬದ ಪೈಲಿಗೆ ಗಿಟಾರು ಬಾರಿಸಲು ಬರುತ್ತಿರಲಿಲ್ಲ. ನೆಲ್ಯಾಡಿಯ ಚಾಕೋಗೂ ಬರುತ್ತಿರಲಿಲ್ಲ. ಆದರೂ ಸಾವಿರದ ಒಂಬೈನೂರ ಎಪ್ಪತ್ತೆಂಟರ ಹೊತ್ತಿಗೆ ಗಿಟಾರಿನ ವಿಷಯದಲ್ಲಿ, ಕೇರಳದಿಂದ ಬಂದು ರಬ್ಬರ್ ಹಾಕಿದ ಈ ಇಬ್ಬರು ಕ್ರೈಸ್ತರಷ್ಟು ಮಾತಾಡುವವರು ಪುತ್ತೂರಿನಿಂದ ಸುಳ್ಯದವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ.

ಪೈಲಿಯ ಗಿಟಾರು ಕೊಡಗಿನಿಂದ ಬಂದದ್ದು. ಕಾಫಿ ತೋಟ ಮಾರಿ ಸ್ವದೇಶಕ್ಕೆ ಹೊರಟ ಬಿಳಿ ದೊರೆಯೊಬ್ಬನ ಬಂಗಲೆಯ ಸಾಮಾನು ಹರಾಜಾಗುವಾಗ, ರಬ್ಬರ್ ತೋಟಕ್ಕೆ ನೀರಿನ ಪಂಪು ತರುತ್ತೇನೆಂದು ಹೋದವನು ಈ ಗಿಟಾರು ಹಿಡಿದುಕೊಂಡು ಬಂದಿದ್ದ. ಸಣ್ಣ ಮೈ, ಸಪೂರ ಸೊಂಟ, ಬೆನ್ನು ಪಕ್ಕೆಯೆಲ್ಲ ಕಪ್ಪುಗೆರೆಯ ಬೀಟಿ ಮರ. ಬಾರಿಸುತ್ತಿದ್ದದ್ದು ದೊರೆಯ ಅಜ್ಜಿ ಎಂದು ಬಂಗಲೆಯ ಬಟ್ಲರ್ ಹೇಳಿದ್ದನಂತೆ. ಪೈಲಿ ಕಥೆ ಹೇಳಿದಾಗಲೆಲ್ಲ ಆ ಅಜ್ಜಿ ಇನ್ನಷ್ಟು ಹಳಬಳಾಗುತ್ತಿದ್ದಳು. ಈಗೀಗ ವಿಕ್ಟೋರಿಯಾ ರಾಣಿಗಿಂತ ದೊಡ್ಡವಳಾಗಿದ್ದಳು.

ಚಾಕೋನದ್ದು ಬೊಂಬಾಯಿಯದ್ದು. ಸುಳ್ಯದ ವ್ಯಾಪಾರಿ ಮೂಸಕುಂಞಿ ದುಬಾಯಿಯಿಂದ ಬರುವಾಗ ಬೊಂಬಾಯಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಕಂಡು ತಂದುಕೊಟ್ಟದ್ದು. ಅದೂ ಸಣ್ಣದು, ಅದೂ ಹಳತು, ಅದೂ ಬೀಟಿ. ಆದರೆ ಅಂಗಡಿಯವನು ಕೊಡುವಾಗ ಒಂದು ಮಾತು ಸೇರಿಸಿ ಕಳಿಸಿದ್ದ: ಇದು ಬ್ರೆಜಿಲಿನ ಬೀಟಿ. ಆ ಒಂದು ಮಾತಿನಿಂದ ಪೈಲಿಯ ಹೊಟ್ಟೆಗೆ ಬಿದ್ದ ಬೆಂಕಿ ಆರಿರಲಿಲ್ಲ.

"ನಿಮ್ಮದು ಒಳ್ಳೆಯದೇ ಪೈಲಿಚೇಟ್ಟ," ಎನ್ನುತ್ತಿದ್ದ ಚಾಕೋ, ಅಣ್ಣನಿಗೆ ಬುದ್ಧಿ ಹೇಳುವ ತಮ್ಮನಂತೆ. "ಆದರೆ ನಮ್ಮದೇ ಘಾಟಿಯ ಮರ ಅಲ್ವಾ? ಅದರಲ್ಲಿ ಮಂಚ ಸಹ ಮಾಡ್ತಾರೆ."

"ಬ್ರೆಜಿಲಿನವರು ಎಂತ, ನೆಲದಲ್ಲಿ ಮಲಗುದಾ?" ಎನ್ನುತ್ತಿದ್ದ ಪೈಲಿ.

ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಒಮ್ಮೆ ಇವನ ಮನೆಯಲ್ಲಿ, ಒಮ್ಮೆ ಅವನ ಮನೆಯಲ್ಲಿ ಹೋಲಿಕೆ ನಡೆಯುತ್ತಿತ್ತು. ಸೊಂಟಕ್ಕೆ ಟೇಪು ಹಿಡಿಯುವರು. ರಬ್ಬರ್ ಶೀಟಿನ ತಕ್ಕಡಿಯಲ್ಲಿ ಇಟ್ಟು ತೂಗುವರು. ಬೆನ್ನಿಗೆ ಹೆಬ್ಬೆರಳು ತಿಕ್ಕಿ ಮೂಸುವರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಪೈಲಿಯ ಹೆಂಡತಿ ಅನ್ನಕುಟ್ಟಿ ಇದನ್ನೆಲ್ಲ ನೋಡುತ್ತಿದ್ದಳು. "ಹೆಣ್ಣು ನೋಡಲು ಬಂದಾಗ ನೀವು ತಲೆಯೆತ್ತಿದ್ದೇ ಕಾಪಿ ಕುಡಿಯಲಿಕ್ಕೆ," ಎಂದಳು ಒಮ್ಮೆ. "ಇದಕ್ಕೆ ಎಂತ ಪರೀಕ್ಷೆ ಮಾರಾಯ್ರೆ!"

ಇಬ್ಬರಿಗೂ ಒಮ್ಮತವಿದ್ದದ್ದು ದೊಡ್ಡ ಗಿಟಾರಿನ ಬಗ್ಗೆ ಮಾತ್ರ. ಪುತ್ತೂರಿನ ಮದುವೆಯೊಂದರಲ್ಲಿ ಆರ್ಕೆಸ್ಟ್ರಾದವನು ಅಗಲ ಹೊಟ್ಟೆಯ ಗಿಟಾರು ಹಿಡಿದು ಸಭೆಯನ್ನೇ ಕುಣಿಸಿದಾಗ ಇವರು ಊಟ ಬಿಟ್ಟು ನಕ್ಕಿದ್ದರು. "ಗಂಜಿಯ ಹಂಡೆ," ಎಂದ ಪೈಲಿ. "ದನಕ್ಕಿಡುವ ಹಂಡೆ," ಎಂದ ಚಾಕೋ. ಆ ದಿನದಷ್ಟು ಪ್ರೀತಿ ಅವರ ನಡುವೆ ಮತ್ತೆಂದೂ ಕಂಡದ್ದಿಲ್ಲ.

ಬಾರಿಸುವುದು ಮಾತ್ರ ನಿಷಿದ್ಧ. ತಂತಿ ಬಿಗಿದರೆ ಕುತ್ತಿಗೆ ಬಾಗುತ್ತದೆಂದು ಪೈಲಿ ಅದನ್ನು ಸಡಿಲ ಬಿಟ್ಟು, ಗಾಜಿನ ಕಪಾಟಿನಲ್ಲಿ ಏಸುವಿನ ಪಟದ ಕೆಳಗೆ ನಿಲ್ಲಿಸಿದ್ದ. ಇಗರ್ಜಿಯ ಹಾಡಿನ ತಂಡ ನಡೆಸುತ್ತಿದ್ದ ಲೀಲಾಮ್ಮ ಕೇರಳದ ಕನ್ಯಾಸ್ತ್ರೀಯರ ಶಾಲೆಯಲ್ಲಿ ಗಿಟಾರು ಕಲಿತವಳು. ಹಬ್ಬಕ್ಕೆ ಒಂದು ದಿನ ಕೊಡಿ ಎಂದು ಬಂದಿದ್ದಳು.

"ಅದು ಬಾರಿಸುವ ಗಿಟಾರು ಅಲ್ಲ ಮೋಳೆ," ಎಂದ ಪೈಲಿ, ಮಗಳನ್ನು ಸಮಾಧಾನ ಮಾಡುವವನಂತೆ.

"ಮತ್ತೆ ಎಂತ, ಮಜ್ಜಿಗೆ ಕಡೆಯುದಾ?" ಎಂದು ಲೀಲಾಮ್ಮ ಎದ್ದು ಹೋದಳು.

ಆದರೆ ಅಳೆದು, ತೂಗಿ, ಮೂಸಿ ಆದ ಮೇಲೆ ಉಳಿದದ್ದು ನಾದವೊಂದೇ. ಒಂದು ಭಾನುವಾರ ಚಾಕೋ ಸವಾಲು ಹಾಕಿಯೇಬಿಟ್ಟ. ಲೀಲಾಮ್ಮ ಪರದೆಯ ಹಿಂದೆ ಕೂತು ಎರಡನ್ನೂ ಬಾರಿಸಲಿ. ತನ್ನ ಗಿಟಾರಿನ ದನಿ ತನಗೆ ಗೊತ್ತಾಗದಿದ್ದರೆ ಮೀಸೆ ಬೋಳಿಸುತ್ತೇನೆ ಎಂದ. ತನ್ನ ಗಿಟಾರಿನ ದನಿಯನ್ನು ಪೈಲಿ ಆವರೆಗೆ ಕೇಳಿಯೇ ಇರಲಿಲ್ಲ. ಆದರೂ, "ಹೆತ್ತವನಿಗೆ ಮಗುವಿನ ಅಳು ಗೊತ್ತಾಗುದಿಲ್ವಾ?" ಎಂದು ಒಪ್ಪಿದ.

ಪೈಲಿಯ ಚಾವಡಿಯಲ್ಲಿ ಬಾಗಿಲಿಗೆ ಅನ್ನಕುಟ್ಟಿಯ ಸೀರೆ ಕಟ್ಟಿದರು. ಒಳಗೆ ಲೀಲಾಮ್ಮ, ಸಾಕ್ಷಿಗೆ ಅನ್ನಕುಟ್ಟಿ. ಹೊರಗೆ ಇಬ್ಬರು ರಸಿಕರು ಕಣ್ಣುಮುಚ್ಚಿ ಕೂತರು. ಲೀಲಾಮ್ಮ ತಂತಿ ಬಿಗಿದು ಶ್ರುತಿ ಮಾಡಿಕೊಂಡು, ಒಂದು ಪ್ರಾರ್ಥನೆಯ ಹಾಡನ್ನು ಮೊದಲು ಒಂದರಲ್ಲಿ, ಆಮೇಲೆ ಇನ್ನೊಂದರಲ್ಲಿ ಬಾರಿಸಿದಳು.

ಮೊದಲನೆಯದು ಕೇಳುವಾಗ ಪೈಲಿಗೆ ಅಯ್ಯೋ ಪಾಪ ಅನ್ನಿಸಿತು. ಇದೆಂಥ ಬಡಕಲು ಸ್ವರ! ಚಾಕೋನ ಮುಖ ಹೇಗಾಗಿದೆಯೋ ಎಂದು ಒಂದು ಕಣ್ಣು ತೆರೆದು ನೋಡಿದ. ಆಶ್ಚರ್ಯ, ಅವನು ತಲೆದೂಗುತ್ತಿದ್ದ. ಎರಡನೆಯದು ಶುರುವಾದದ್ದೇ ಪೈಲಿಯ ಎದೆ ತುಂಬಿ ಬಂತು. ಜೇನಿನ ಹಾಗೆ ಇಳಿಯುವ ಸ್ವರ.

"ಇದು ನನ್ನದು!" ಎಂದು ಎದ್ದು ನಿಂತ. "ಊರಿನ ಬೀಟಿ ಎಂದರೆ ಇದು. ಮೊದಲು ಕೇಳಿದ್ದು ಬ್ರೆಜಿಲ್. ಮೂಗಿನಲ್ಲಿ ಹಾಡಿದ ಹಾಗೆ ಇರಲಿಲ್ವಾ?"

"ಹೌದು, ಮೊದಲನೆಯದು ನನ್ನದೇ," ಎಂದ ಚಾಕೋ, ತೃಪ್ತಿಯಿಂದ. "ಅದರ ಗಾಂಭೀರ್ಯ ನಿಮಗೆ ಅರ್ಥ ಆಗುದಿಲ್ಲ. ನಿಮ್ಮದು ಬರೀ ಸಕ್ಕರೆ ಪಾಕ."

ಅನ್ನಕುಟ್ಟಿ ಸೀರೆ ಸರಿಸಿದಳು. ಲೀಲಾಮ್ಮನ ತೊಡೆಯ ಮೇಲೆ ಎರಡನೆಯದಾಗಿ ಬಾರಿಸಿದ ಗಿಟಾರು ಇನ್ನೂ ಇತ್ತು. ಚಾಕೋನದ್ದು.

ಪೈಲಿಯ ಕಿವಿ ಕೆಂಪಾಯಿತು. ಆರು ವರ್ಷ ಹಳಿದದ್ದನ್ನು ತಾನೇ ಎದ್ದು ನಿಂತು ಹೊಗಳಿದ್ದಾಗಿತ್ತು. ಸ್ವಂತದ್ದನ್ನು ಮೂಗಿನ ಹಾಡು ಎಂದದ್ದೂ ಆಗಿತ್ತು. ಚಾಕೋನ ಸ್ಥಿತಿಯೂ ಅದೇ. ಅವನ ಕೈ ತಾನಾಗಿ ಮೀಸೆಯ ಮೇಲೆ ಹೋಗಿ ಅದನ್ನು ಮುಚ್ಚಿಕೊಂಡಿತು.

"ಬಾರಿಸದೆ ಇಟ್ಟರೆ ಮರದ ನಾದ ಮುಚ್ಚಿಕೊಳ್ಳುತ್ತದೆ," ಎಂದ ಪೈಲಿ ಕೊನೆಗೆ. "ಅದಕ್ಕೇ ಹಾಗೆ ಕೇಳಿಸಿದ್ದು. ಸ್ವಲ್ಪ ಬಾರಿಸಿದರೆ ತೆರೆದುಕೊಳ್ಳುತ್ತದೆ."

"ಹಾಗಾದರೆ ಎರಡನ್ನೂ ನನಗೆ ಕೊಡಿ, ಇಗರ್ಜಿಯಲ್ಲಿ ಬಾರಿಸುತ್ತೇನೆ," ಎಂದಳು ಲೀಲಾಮ್ಮ.

ಇಬ್ಬರೂ ಯೋಚನೆಗೆ ಬಿದ್ದರು. ತನ್ನದು ತೆರೆದುಕೊಳ್ಳುವುದಾದರೆ ಒಳ್ಳೆಯದೇ. ಆದರೆ ಇನ್ನೊಬ್ಬನದ್ದೂ ತೆರೆದುಕೊಂಡರೆ? ಇಬ್ಬರೂ ಬೇಡವೆಂದರು.

ಮುಂದಿನ ವಾರ ಪೈಲಿ ಕೆಲಸದ ಮೇಲೆ ಪುತ್ತೂರಿಗೆ ಹೋದಾಗ ಅನ್ನಕುಟ್ಟಿ ಕಪಾಟು ತೆರೆದು, ಗಿಟಾರನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ನೇರ ಲೀಲಾಮ್ಮನ ಮನೆಗೆ ಒಯ್ದಳು. ಬಂದ ಗಂಡ ಖಾಲಿ ಕಪಾಟು ಕಂಡು ಬೊಬ್ಬೆ ಹೊಡೆದ. "ಆ ಜಾಗದಲ್ಲಿ ಉಪ್ಪಿನಕಾಯಿ ಭರಣಿ ಇಟ್ಟಿದ್ದೇನೆ," ಎಂದಳು ಅವಳು. "ಅದನ್ನಾದರೂ ತಿನ್ನಬಹುದು."

ಭಾನುವಾರ ಗಿಟಾರನ್ನು ಕಿತ್ತುಕೊಂಡೇ ಬರುತ್ತೇನೆಂದು ಪೈಲಿ ಇಗರ್ಜಿಗೆ ಮುಂಚೆಯೇ ಹೋಗಿ ಮುಂದಿನ ಸಾಲಿನಲ್ಲಿ ಕೂತ. ಲೀಲಾಮ್ಮ ಬಾರಿಸಿದಳು. ಚೆನ್ನಾಗಿಯೇ ಇತ್ತು. ಮಕ್ಕಳ ದನಿಯ ಕೆಳಗೆ ಅದು ಮೆತ್ತಗೆ ನಡೆಯುತ್ತಿತ್ತು. ಪೈಲಿಯ ಕೋಪ ಇಳಿಯಿತು. ಹಾಗೆಂದು ದೇವರ ಕಡೆಗೆ ಮನಸ್ಸು ತಿರುಗಿತು ಎಂದಲ್ಲ. ಚಾಕೋ ಕೇಳುತ್ತಿದ್ದಾನೋ ಎಂದು ಹಿಂದಕ್ಕೆ ಕತ್ತು ತಿರುಗಿತು. ಚಾಕೋ ಕೇಳುತ್ತಿದ್ದ, ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು.

ಮರುವಾರ ಬ್ರೆಜಿಲ್ ಬೀಟಿಯೂ ಇಗರ್ಜಿಗೆ ಬಂತು. ಅಂದಿನಿಂದ ಇಬ್ಬರೂ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನ ಎರಡು ತುದಿಗಳಲ್ಲಿ ಕಣ್ಣುಮುಚ್ಚಿ ಕೂರತೊಡಗಿದರು. ಇಗರ್ಜಿಯ ಅಚ್ಚನ್, ಎಂದರೆ ಪಾದ್ರಿಗಳು, ಪ್ರವಚನದಲ್ಲಿ ಅವರ ಭಕ್ತಿಯನ್ನು ಎತ್ತಿ ಹೇಳಿ, ಎಲ್ಲರೂ ಹಾಗೆ ಆಗಬೇಕೆಂದರು. ಅನ್ನಕುಟ್ಟಿಗೆ ಕೆಮ್ಮು ಬಂದು ಹೊರಗೆ ಹೋಗಬೇಕಾಯಿತು.

ಯಾವುದು ಹೆಚ್ಚು ಎಂದು ಇಬ್ಬರೂ ಬೇರೆಬೇರೆಯಾಗಿ ಕೇಳಿದಾಗ ಲೀಲಾಮ್ಮ ಇಬ್ಬರಿಗೂ ಒಂದೇ ಉತ್ತರ ಕೊಟ್ಟಳು: "ತಂತಿ ಹಳತಾಗಿದೆ. ಹೊಸತು ಹಾಕದೆ ಹೇಳುದು ಹೇಗೆ?"

ಪೈಲಿ ಮರುದಿನವೇ ಬಸ್ಸು ಹತ್ತಿ ಮಂಗಳೂರಿಗೆ ಹೋದ. ವಾದ್ಯದ ಅಂಗಡಿಯಲ್ಲಿ ತಂತಿ ಕೇಳಿದಾಗ, ಈಗಷ್ಟೇ ನೆಲ್ಯಾಡಿಯವರೊಬ್ಬರು ಒಯ್ದರು ಎಂದ ಅಂಗಡಿಯವನು.

"ಅವನು ಯಾವುದು ತೆಗೆದುಕೊಂಡದ್ದು?"

ಅಂಗಡಿಯವನು ತೋರಿಸಿದ.

"ಅದಕ್ಕಿಂತ ಒಳ್ಳೆಯದು ಉಂಟಾ?" ಎಂದ ಪೈಲಿ.