ಸೀಟಿನ ಕೆಳಗಿನ ತೂಕ

ತಮಗಾಗಿ ಕಟ್ಟುವ ಹೊಸ ಕಯಾಕ್, ಒಬ್ಬರೇ ಕೂತು ಹುಟ್ಟು ಹಾಕುವ ಸಪೂರ ದೋಣಿ, ಎಷ್ಟು ತೂಗಬೇಕೆಂದು ಅಪ್ಪ ಮರಳುಚೀಲ ಹೊತ್ತು ನೋಡಿ ನಿರ್ಧರಿಸಿದರು. ಅವರ ಬಲಭುಜದ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ನಾವು ದೋಣಿ ಕಟ್ಟುವ ಶೆಡ್ಡಿನ ಬಾಗಿಲಿನಿಂದ ನದಿಗೆ ತೊಂಬತ್ತು ಹೆಜ್ಜೆ. ಹದಿನಾಲ್ಕು ಕಿಲೋ ಚೀಲವನ್ನು ಅರ್ಧ ದಾರಿಯಲ್ಲೇ ಇಳಿಸಿದರು. ಹದಿಮೂರರದ್ದನ್ನು ದಡ ಮುಟ್ಟಿಸಿ, ಏದುಸಿರು ಬಿಡುತ್ತಾ ಬಂದರು.

"ಹದಿಮೂರು. ಅದರ ಮೇಲೆ ಹೋದ್ರೆ ಬೇರೆಯವರು ಹೊರಬೇಕಾಗುತ್ತೆ. ಹಂಗಾದ್ರೆ ನನಗೆ ದೋಣಿನೇ ಬೇಡ."

"ಹೊರೋಕೆ ನಾನಿಲ್ವಾ ಅಣ್ಣ?" ಎಂದರು ಚಿಕ್ಕಪ್ಪ.

"ನೀನು ನಿನ್ನ ಹೊಟ್ಟೆ ಹೊತ್ಕೊಂಡು ಬಂದ್ರೆ ಸಾಕು."

ಅಪ್ಪ ಕಟ್ಟಿ ಬೆಳೆಸಿದ ಶೆಡ್ಡನ್ನು ಈಗ ಮಗಳಾದ ನಾನೂ ಚಿಕ್ಕಪ್ಪನೂ ನೋಡಿಕೊಳ್ಳುತ್ತಿದ್ದೆವು. ಅಪ್ಪನ ಕಟ್ಟಳೆಯೊಂದಿತ್ತು: ದೋಣಿ ಕಟ್ಟಿದವರೇ ಅದನ್ನು ತೂಗಿ, ಸೀಟಿನ ಕೆಳಗೆ ಬಣ್ಣದಲ್ಲಿ ತೂಕ ಬರೆಯಬೇಕು. ಆಮೇಲೆ ಯಾರೂ ಮತ್ತೆ ತೂಗಬಾರದು. ತೂಗಿದರೆ ಕಟ್ಟಿದವರ ಮೇಲೆ ಅನುಮಾನಪಟ್ಟ ಹಾಗೆ.

ಹದಿಮೂರು ಕಿಲೋಗೆ ನಿಲ್ಲಬೇಕೆಂದರೆ ತಳಕ್ಕೆ ಎರಡೇ ಪದರ ಕಾರ್ಬನ್ ಬಟ್ಟೆ. ಅದು ಹಗುರ, ಗಡುಸು. ಆದರೆ ಕಲ್ಲಿಗೆ ಬಡಿದರೆ ಬಾಗುವುದಿಲ್ಲ, ಸೀಳುತ್ತದೆ. ನದಿಯ ತಿರುವಿನಲ್ಲಿ ನೀರು ಇಳಿದಾಗ ಬಂಡೆಗಳು ಒಂದು ಗೇಣು ಕೆಳಗಷ್ಟೇ ಇರುತ್ತವೆ. ಅಚ್ಚಿನೊಳಗೆ ಎರಡನೆಯ ಪದರ ಹಾಸಿ, ಒಣಗಿದರೆ ಕಲ್ಲಾಗುವ ರೆಸಿನ್ ಅಂಟು ಬಳಿದು, ರೋಲರಿನಿಂದ ಗಾಳಿಗುಳ್ಳೆ ಒತ್ತುವಾಗ ನನ್ನ ಕಣ್ಣಿಗೆ ಕಾಣುತ್ತಿದ್ದುದು ಸೀಳಿದ ತಳ, ಒಂದೇ ಕೈಯಲ್ಲಿ ಈಜುತ್ತಿರುವ ಅಪ್ಪ. ರೆಸಿನ್ ಇನ್ನೂ ಅಂಟಂಟಾಗಿತ್ತು. ಚಿಕ್ಕಪ್ಪ ಊಟಕ್ಕೆ ಹೋಗಿದ್ದರು. ಭಾರವಾದರೂ ಸುಲಭಕ್ಕೆ ಸೀಳದ ಗಾಜಿನೆಳೆ ಬಟ್ಟೆಯ ಸುರುಳಿಯಿಂದ ಎರಡು ಉದ್ದನೆಯ ತುಂಡು ಕತ್ತರಿಸಿ, ಮೂತಿಯಿಂದ ಬಾಲದವರೆಗೆ ಹಾಸಿಬಿಟ್ಟೆ.

ತೂಗಿದಾಗ ಮುಳ್ಳು ಹದಿನಾಲ್ಕೂವರೆಗೆ ನಿಂತಿತು. ನಾನು ಹದಿಮೂರು ಎಂದು ಬರೆದೆ. ದೋಣಿ ಕಂಡ ಖುಷಿಯಲ್ಲಿ ಎತ್ತಿಬಿಡುತ್ತಾರೆ ಎಂದುಕೊಂಡೆ.

ಅಪ್ಪ ಬಗ್ಗಿ ಅಂಕಿ ನೋಡಿ ನನ್ನ ಬೆನ್ನು ತಟ್ಟಿದರು. ದೋಣಿ ಹೆಗಲೇರಿತು. ನಲವತ್ತು ಹೆಜ್ಜೆಗೆ ನಿಂತರು. ಇಳಿಸಿ ಮತ್ತೆ ಎತ್ತಲು ನೋಡಿದರೆ ಆಗಲಿಲ್ಲ. ನಾನು ಹಿಡಿಯಲು ಹೋದೆ.

"ಬಿಡು," ಎಂದರು. "ಮೊನ್ನೆ ಮೊನ್ನೆ ಹದಿಮೂರು ಹೊತ್ತಿದ್ನಲ್ಲ. ಇಷ್ಟು ಬೇಗ ಕೈ ಸೋತೋಯ್ತಾ?"

ಆಗಲೇ ಹೇಳಬೇಕಿತ್ತು. "ನಾಳೆ ನೋಡೋಣ ಅಪ್ಪ," ಎಂದೆ.

ಮಾರನೆಯ ದಿನವೂ ಅಷ್ಟೇ ಆಯಿತು. ಮೂರನೆಯ ದಿನ ಅವರು ಶೆಡ್ಡಿಗೆ ಬರಲಿಲ್ಲ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಬಿಟ್ಟರು. ಅಂಗಿಯ ಗುಂಡಿ ಹಾಕಲೂ ನನ್ನನ್ನು ಕರೆಯತೊಡಗಿದರು. ಸದ್ಯ, ನೀರಿಗಂತೂ ಇಳಿಯುತ್ತಿಲ್ಲವಲ್ಲ ಎಂದು ನನಗೆ ಒಳಗೊಳಗೇ ನೆಮ್ಮದಿಯೂ ಆಗಿತ್ತು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಗುಂಡಿ ಹಾಕುತ್ತಾ ಹೇಳಿದೆ. "ಅಪ್ಪ, ಆ ದೋಣಿ ಹದಿಮೂರಲ್ಲ. ಹದಿನಾಲ್ಕೂವರೆ. ತಳಕ್ಕೆ ಜಾಸ್ತಿ ಪದರ ಹಾಕಿದ್ದೆ."

"ತೂಗಿದ್ಯಾ?"

"ತೂಗಿದ್ದೆ."

"ತೂಗಿ, ಹದಿಮೂರು ಅಂತ ಬರೆದೆ."

"ಹೂಂ."

ಅವರು ತಮ್ಮ ಬಲಗೈಯನ್ನೇ ನೋಡುತ್ತಿದ್ದರು. "ನಾನು ದಿನಾ ಈ ಕೈಗೆ ಬೈಕೊಂಡು ಕೂತಿದ್ದೆ ಕಣೇ," ಎಂದರು.

ಒಣಗಿ ಗಟ್ಟಿಯಾದ ಪದರವನ್ನು ಕೀಳಲು ಬರುವುದಿಲ್ಲ. ಅದೇ ಅಚ್ಚಿನಲ್ಲಿ ಎರಡೇ ಪದರದ ಹೊಸ ದೋಣಿ ಕಟ್ಟಿದೆ. ತೂಗಿದರೆ ಹನ್ನೆರಡೂಮುಕ್ಕಾಲು. ಅದನ್ನೇ ಬರೆದೆ.

"ಕಾಲು ಕಿಲೋ ಲಂಚ ಕೊಟ್ಟಿದ್ದಾಳೆ ಅಣ್ಣ, ಸಿಟ್ಟು ಬಿಡು," ಎಂದರು ಚಿಕ್ಕಪ್ಪ.

ಅಪ್ಪ ನಗಲಿಲ್ಲ. ಸೀಟಿನ ಕೆಳಗೂ ನೋಡಲಿಲ್ಲ. "ನೀನೊಂದ್ಸಲ ತೂಗೋ," ಎಂದು ತಮ್ಮನಿಗೆ ಹೇಳಿದರು. ಚಿಕ್ಕಪ್ಪ ನನ್ನ ಮುಖ ನೋಡದೆ ತೂಗಿದರು. ಹನ್ನೆರಡೂಮುಕ್ಕಾಲೇ.

ಅಪ್ಪ ಬಗ್ಗಿ ಎತ್ತಿದರು. ದೋಣಿ ಮೊಣಕಾಲಿನವರೆಗೆ ಬಂತು. ಇನ್ನೊಮ್ಮೆ ಎತ್ತಿದರು, ಅಷ್ಟೂ ಬರಲಿಲ್ಲ. ಸುಮ್ಮನೆ ಕೂತ ನಾಲ್ಕು ತಿಂಗಳಲ್ಲಿ ತೋಳು ಬತ್ತಿಹೋಗಿತ್ತು. ಕಾರ್ಬನ್ನಿಗೆ ಪೆಟ್ಟಾಗದಂತೆ ಮೊದಲು ಬಾಲ, ಆಮೇಲೆ ಮೂತಿಯನ್ನು ಮೆಲ್ಲಗೆ ನೆಲಕ್ಕೆ ತಾಗಿಸಿದರು.

"ಹಗುರವಾಗೇ ಇದೆ ಮಗಳೇ," ಎಂದರು.

ನಾನು ಬಾಲದ ಕಡೆ ನಿಂತಿದ್ದೆ. ಹಿಡಿಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.