ಯಾರದೋ ಮಾತಿನ ನಲವತ್ತು ಸೆಕೆಂಡು

"ಆ ಕಣಿವೆಯಿಂದ ನಮ್ಮ ಸೈನ್ಯವನ್ನು ಹಿಂದಕ್ಕೆ ಕರೆಸಬೇಕು. ಮೊದಲ ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳಲು ನಾನು ಹಿಂಜರಿಯುವುದಿಲ್ಲ."

ಟೀವಿಯಲ್ಲಿ ಒಂದು ಹೆಣ್ಣುದನಿ ಬೆಳಗಿನಿಂದ ಮೂರನೆಯ ಸಲ ಇದನ್ನು ಹೇಳಿತು. ದುಭಾಷಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ತಲೆ ಎತ್ತಿದಳು. ದನಿ ಅವಳದೇ. ಹತ್ತೊಂಬತ್ತು ವರ್ಷ ಹಳೆಯದು, ಈಗಿನದಕ್ಕಿಂತ ತೆಳು. ಪರದೆಯ ಮೇಲೆ ಮಾತ್ರ ಅವಳಿರಲಿಲ್ಲ. ವಿದೇಶಾಂಗ ಸಲಹೆಗಾರರಾಗಿ ಹೋದ ವಾರ ನೇಮಕಗೊಂಡವರ ಭಾವಚಿತ್ರವಿತ್ತು: ಬಿಳಿ ಮೀಸೆ, ದಪ್ಪ ಚೌಕಟ್ಟಿನ ಕನ್ನಡಕ, ಯಾವ ಕಡೆಗೂ ವಾಲದ ನಗೆ.

"ಪಾಪ, ಆಗಲೇ ಹೇಳಿದ್ರಂತೆ ನೋಡಮ್ಮಾ," ಎಂದಳು ಮಗಳು, ತಟ್ಟೆ ಹಿಡಿದುಕೊಂಡೇ. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. "ಈಗ ಎಲ್ಲಾ ಸೇರಿ ಅವರನ್ನ ಹರಿದು ತಿಂತಿದ್ದಾರೆ. ದೇಶದ್ರೋಹಿ ಅಂತೆ, ಕಣಿವೆ ದಾನಶೂರ ಅಂತೆ. ನಾವು ಮೇಷ್ಟ್ರುಗಳೆಲ್ಲ ಸೇರಿ ಅವರ ಪರವಾಗಿ ಒಂದು ಹೇಳಿಕೆ ಕೊಡ್ತಾ ಇದ್ದೀವಿ. ನಾನೂ ಸಹಿ ಹಾಕ್ತೀನಿ."

"ಪೂರ್ತಿ ಗೊತ್ತಿಲ್ದೆ ಯಾಕೆ ಸಹಿ ಹಾಕ್ತೀಯ?"

"ಕಿವಿಯಾರೆ ಕೇಳಿದ್ದೀನಲ್ಲ! ಇನ್ನೇನು ಪೂರ್ತಿ?" ಮಗಳು ಬೆರಳು ನೆಕ್ಕಿಕೊಂಡಳು. "ಅನುವಾದ ಮಾಡಿರೋ ಹೆಂಗಸು ಯಾರೋ, ಚೆನ್ನಾಗಿ ಹೇಳಿದ್ದಾಳೆ. ನಿನಗೇನಾದ್ರೂ ಪರಿಚಯನಾ?"

ದುಭಾಷಿ ಮಗಳ ಮುಖ ನೋಡಿದಳು. ಕೆಣಕುತ್ತಿದ್ದಾಳೋ, ನಿಜವಾಗಿ ಕೇಳುತ್ತಿದ್ದಾಳೋ ತಿಳಿಯಲಿಲ್ಲ. ಮಗಳಿಗೆ ಆಗ ಒಂಬತ್ತು ವರ್ಷ. ತಾಯಿಯ ಆ ಕಾಲದ ದನಿ ಅವಳಿಗೆ ನೆನಪಿರಬೇಕೆಂದೇನೂ ಇಲ್ಲ.

"ಎಷ್ಟೋ ಜನ ಇದ್ರು ಆಗ," ಎಂದು ಹೇಳಿ ಕುಪ್ಪಸದ ತೋಳಿನ ಮೇಲೆ ಇಸ್ತ್ರಿ ಒತ್ತಿದಳು.

ಅವಳ ಕಸುಬಿನಲ್ಲಿ ಒಂದು ರೂಢಿಯಿದೆ. ಸಭಾಂಗಣದ ಹಿಂದಿನ ಗಾಜಿನ ಗೂಡಿನಲ್ಲಿ ಕೂತ ದುಭಾಷಿ, ಯಾರು ಮಾತಾಡಿದರೂ 'ನಾನು' ಎಂದೇ ಹೇಳುತ್ತಾಳೆ. 'ಅವರು ಹೀಗೆ ಹೇಳಿದರು' ಎನ್ನುವುದಿಲ್ಲ. ಮಂತ್ರಿ ಮಾತಾಡಿದರೆ ಮಂತ್ರಿಯ ನಾನು, ಮೀನುಗಾರ ಮಾತಾಡಿದರೆ ಮೀನುಗಾರನ ನಾನು. ಮಾತಾಡುವವರು ಬದಲಾದಾಗ ಮಾತ್ರ ಒಮ್ಮೆ ಅವರು ಯಾರೆಂದು ಹೇಳಬೇಕು. ಹೇಳಿ ಮತ್ತೆ ನಾನು. ಈ ಒಂದು ವಾಕ್ಯ ತಪ್ಪಿದರೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡವರಿಗೆ ಇಬ್ಬರ ಮಾತು ಒಬ್ಬರದಾಗುತ್ತದೆ.

ಹತ್ತೊಂಬತ್ತು ವರ್ಷದ ಹಿಂದೆ, ಬಾಗಿಲು ಮುಚ್ಚಿ ನಡೆದ ಗಡಿ ಮಾತುಕತೆಯಲ್ಲಿ ಅವಳಿಂದ ಆ ವಾಕ್ಯ ತಪ್ಪಿತ್ತು. ಕಣಿವೆಯ ಮಾತು ಈ ಸಲಹೆಗಾರರದಲ್ಲ. ಅವರ ನಂತರ ಎದ್ದ ನೆರೆದೇಶದ ಪ್ರತಿನಿಧಿಯದು. ಆತ ತನ್ನ ದೇಶದ ಸೈನ್ಯದ ಬಗ್ಗೆ, ತನ್ನ ದೇಶದ ತಪ್ಪಿನ ಬಗ್ಗೆ ಹೇಳಿದ್ದ. ಅದಕ್ಕೆ ಮುಂಚೆ, ಆತನ ಎದುರಿಗೇ, ಸಲಹೆಗಾರರು ಹೇಳಿದ್ದು ಬೇರೆ: ಮೇಲಿನ ಅಣೆಕಟ್ಟಿನ ಬಾಗಿಲು ಹಾಕಿ, ಎರಡು ಬೇಸಿಗೆ ನೆರೆಯವರ ಬಾಯಿ ಒಣಗಲಿ, ತಾವಾಗಿಯೇ ದಾರಿಗೆ ಬರುತ್ತಾರೆ. ಅದನ್ನೂ ಅವಳ ಬಾಯಿಯೇ ಹೇಳಿತ್ತು.

ಹಾಗೆಂದು ಅವಳ ನೆನಪು. ಆದರೆ ದುಭಾಷಿಯ ನೆನಪನ್ನು ಅವಳೇ ನಂಬುತ್ತಿರಲಿಲ್ಲ. ಕಿವಿಗೆ ಬಿದ್ದದ್ದು ಬಾಯಿಂದ ಹೊರಟರೆ ತಲೆಯಲ್ಲಿ ಏನೂ ಉಳಿಯುವುದಿಲ್ಲ; ಸಂಜೆ ಮನೆಗೆ ಬಂದರೆ ಸಭೆ ಯಾವುದರ ಬಗ್ಗೆ ಎಂದು ಕೇಳಿದರೂ ಯೋಚಿಸಬೇಕು. ಇದೊಂದು ಮಾತ್ರ ಯಾಕೆ ಉಳಿಯಿತು? ನಿಜವಾಗಿ ಉಳಿದದ್ದೋ, ತಾನು ಇಷ್ಟಪಡದ ಮನುಷ್ಯನಿಗೆ ಒಳ್ಳೆಯ ಮಾತು ಸಲ್ಲಬಾರದೆಂದು ತಾನೇ ಕಟ್ಟಿಕೊಂಡದ್ದೋ?

ಮಗಳು ಕಾಲೇಜಿಗೆ ಹೋದ ಮೇಲೆ ಅವಳು ಕಿಟಕಿ ಮುಚ್ಚಿ, ಕೆಲಸದ ಹೆಡ್‌ಫೋನ್ ಹಾಕಿಕೊಂಡು, ಫೋನಿನಲ್ಲಿ ಆ ನಲವತ್ತು ಸೆಕೆಂಡನ್ನು ಕೇಳಿದಳು. ಮಾತನ್ನು ಬಿಟ್ಟು ಮಾತಿನ ಹಿಂದಿನ ಸದ್ದನ್ನು ಕೇಳಿದಳು. ಆ ದಿನ ಅವಳ ಕಿವಿಯ ಹೆಡ್‌ಫೋನಿನಿಂದ ಸೋರಿದ ಸದ್ದು ಅವಳ ಮೈಕಿಗೆ ಹೋಗಿರಲೇಬೇಕು. ಏಳನೆಯ ಸಲಕ್ಕೆ ಸಿಕ್ಕಿತು. ವಾಕ್ಯ ಮುಗಿದಲ್ಲೆಲ್ಲ, ತೀರಾ ಸಣ್ಣದಾಗಿ, ಮರದ ಮೇಲೆ ಲೋಹ ತಾಗಿದ ಸದ್ದು. ನೆರೆದೇಶದ ಪ್ರತಿನಿಧಿ ದಪ್ಪ ಉಂಗುರ ಹಾಕುತ್ತಿದ್ದ. ಒಂದೊಂದು ವಾಕ್ಯಕ್ಕೂ ಮೇಜು ಬಡಿಯುವ ಅಭ್ಯಾಸ. ಎರಡು ದಿನ ಆ ಬಡಿತ ಕೇಳಿ ಅವಳಿಗೆ ತಲೆನೋವು ಬಂದಿತ್ತು. ಸಲಹೆಗಾರರು ಮಾತಾಡುವಾಗ ಎರಡೂ ಕೈಯನ್ನು ಮೇಜಿನ ಕೆಳಗೆ ಕಟ್ಟಿಕೊಳ್ಳುತ್ತಿದ್ದರು.

ನಲವತ್ತು ಸೆಕೆಂಡಿನಲ್ಲಿ ಐದು ಬಡಿತ. ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಇನ್ನು ಉಳಿದದ್ದು, ಇದನ್ನು ಹೊರಗೆ ಬಿಟ್ಟವರು ಯಾರು ಎಂಬುದು. ಆ ದಿನದ ಧ್ವನಿಮುದ್ರಣದ ಮೂರು ಪ್ರತಿ ಇದ್ದವು. ಒಂದು ಅವಳಿಗೆ, ಒಂದು ಗೂಡಿನಲ್ಲಿ ಅವಳ ಜೊತೆಗಾರನಾಗಿದ್ದ ಪೆನ್ಸಿಲ್‌ಗೆ, ಒಂದು ಕಚೇರಿಗೆ. ವರದಿ ಬರೆದು ಕೊಟ್ಟ ಮೇಲೆ ಅವಳು ತನ್ನದನ್ನು ಸಹಿ ಮಾಡಿ ಹಿಂತಿರುಗಿಸಿದ್ದಳು. ಪೆನ್ಸಿಲ್?

ಯಾವಾಗಲೂ ನಾಲ್ಕು ಪೆನ್ಸಿಲ್ ಚೂಪು ಮಾಡಿಟ್ಟುಕೊಂಡೇ ಕೂರುತ್ತಿದ್ದರಿಂದ ಅವನಿಗೆ ಆ ಹೆಸರು ಬಂದಿತ್ತು. ಮಾತಾಡದೆ ಕೂತವನ ಕೆಲಸ, ಹೆಸರು ಮತ್ತು ಅಂಕಿಗಳನ್ನು ಚೀಟಿಯಲ್ಲಿ ಬರೆದು ಮಾತಾಡುವವಳ ಮುಂದೆ ತಳ್ಳುವುದು. ಆ ದಿನ, ಆ ಹೊತ್ತಿನಲ್ಲಿ, ಚೀಟಿ ಬರಲಿಲ್ಲ. ಪೆನ್ಸಿಲ್ ಸಿಗರೇಟಿಗೆಂದು ಆಚೆ ಹೋಗಿದ್ದ. ಪಕ್ಕದ ಕುರ್ಚಿ ಖಾಲಿಯಿತ್ತು. ಅವಳು ತನ್ನ ಸರದಿಯ ಇಪ್ಪತ್ತು ನಿಮಿಷ ಮುಗಿದ ಮೇಲೂ ಒಬ್ಬಳೇ ಎಳೆದಿದ್ದಳು, ವರದಿಯಲ್ಲಿ ಅದನ್ನು ಬರೆದಿರಲಿಲ್ಲ. ಒಬ್ಬರ ತಪ್ಪು ಹೊರಬಂದರೆ ಇಬ್ಬರ ಪರವಾನಗಿಯೂ ಹೋಗುತ್ತದೆ. ಮೂವತ್ತು ವರ್ಷದ ಕೆಲಸ, ಯಾವುದೋ ಒಂದು ಗುಮಾಸ್ತರ ಸಮಿತಿ ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತದೆ. ಮುಚ್ಚಿದ ಸಭೆಯ ಮಾತನ್ನು ಹೊರಗೆ ಆಡಿದರೂ ಅದೇ ಶಿಕ್ಷೆ.

ಪೆನ್ಸಿಲ್ ಮನೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಅದೇ ವಿಷಯಕ್ಕೆ ಕಚ್ಚಾಡುತ್ತಿದ್ದರು.

"ಅಂಥೋನ್ನ ಸಲಹೆಗಾರ ಮಾಡಿದ್ರೆ ನಾಳೆ ನಮ್ಮ ಮನೆ ಹಿತ್ತಲನ್ನೂ ಬರೆದು ಕೊಡ್ತಾನೆ ಬಿಡಿ."

"ನಿಮ್ಮ ಹಿತ್ತಲು ಯಾರಿಗೆ ಬೇಕ್ರೀ? ಧೈರ್ಯ ಇರೋ ಒಬ್ಬ ಮನುಷ್ಯ ಸಿಕ್ಕಿದ್ದಾನೆ, ಸುಮ್ನಿರಿ."

ದುಭಾಷಿ ಟಿಕೆಟ್ ಕೇಳಲು ಬಾಯಿ ತೆರೆಯದೆ ಬೆರಳು ತೋರಿಸಿದಳು. ದನಿಯ ಗುರುತು ಹತ್ತೀತೆಂದು ಎರಡು ದಿನದಿಂದ ಅಪರಿಚಿತರ ಮುಂದೆ ಮಾತಾಡಲು ಅವಳಿಗೆ ಹಿಂಜರಿಕೆ.

ಪೆನ್ಸಿಲ್ ಬಾಗಿಲನ್ನು ಪೂರ್ತಿ ತೆರೆಯಲಿಲ್ಲ.

"ಬರ್ತೀರ ಅಂತ ಗೊತ್ತಿತ್ತು ತಾಯೀ. ಒಬ್ಬರೇ ಬಂದಿದ್ದೀರ ತಾನೆ?"

"ಮೆರವಣಿಗೇಲಿ ಬರ್ಬೇಕಿತ್ತಾ?"

ಅವನು ನಗದೆ ಪಕ್ಕಕ್ಕೆ ಸರಿದ. ಒಳಗೆ ಹೋದ ಮೇಲೆ ಅವಳ ಕೈಚೀಲವನ್ನು ನೋಡಿದ, ಫೋನನ್ನು ನೋಡಿದ. ಅವಳು ಫೋನನ್ನು ಆರಿಸಿ ಮೇಜಿನ ಮೇಲಿಟ್ಟಳು. ಅವನೂ ತನ್ನದನ್ನು ತಂದು ಅದರ ಪಕ್ಕ ಇಟ್ಟ.

"ನಿಮ್ಮ ಪ್ರತಿ ಏನ್ಮಾಡಿದ್ರಿ?" ಎಂದಳು.

"ಅದನ್ನೇ ನಾನು ನಿಮ್ಮನ್ನ ಕೇಳೋಣ ಅಂತಿದ್ದೆ. ಎರಡು ದಿನದಿಂದ ಸರಿಯಾಗಿ ಊಟ ಸೇರ್ತಿಲ್ಲ ನನಗೆ."

"ನಾನು ಸಹಿ ಮಾಡಿ ಕೊಟ್ಟೆ."

"ನಾನೂ ಅಷ್ಟೇ. ಬೇಕಾದ್ರೆ ರಸೀದಿ ತೋರಿಸ್ತೀನಿ. ನನ್ನ ಹೆಂಡ್ತಿ ನನ್ನ ತಲೆಗೂದಲು ಬಿಟ್ಟು ಎಲ್ಲಾ ಜೋಪಾನ ಮಾಡಿದ್ದಾಳೆ." ಅವನು ನಿಜವಾಗಿಯೂ ಒಂದು ತಗಡಿನ ಡಬ್ಬಿ ತಂದು ಹಳದಿ ಕಾಗದವನ್ನು ಬಿಡಿಸಿದ. ಅವಳು ತಾರೀಕು ನೋಡಿದಳು, ಸಹಿ ನೋಡಿದಳು, ಮೊಹರು ನೋಡಿದಳು. ಅವಳು ನೋಡಿದ ರೀತಿಗೆ ಅವನ ಮುಖ ಸಣ್ಣದಾಯಿತು.

"ಮೂವತ್ತು ವರ್ಷ ಒಂದೇ ಗೂಡಲ್ಲಿ ಕೂತಿದ್ದೀವಿ," ಎಂದ.

"ಏಳು ನಿಮಿಷ ಬಿಟ್ಟು."

ಅವನು ತಲೆ ತಗ್ಗಿಸಿದ. ರಸೀದಿಯನ್ನು ಮಡಿಸಿ ಡಬ್ಬಿಗೆ ಹಾಕುತ್ತ ಕೇಳಿದ: "ಆ ಮಾತು ಅವರದಲ್ಲ, ಅಲ್ವಾ? ನಾನು ಒಳಗೆ ಬಂದಾಗ ಉಂಗುರದವನು ಕೂತ್ಕೋತಾ ಇದ್ದ. ಅವನ ಕಣ್ಣು ಒದ್ದೆಯಾಗಿತ್ತು. ಏನು ಹೇಳಿದ ಅಂತ ನಾನು ಆಗ ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ."

"ಅವರದಲ್ಲ."

"ಮತ್ತೆ ಈ ಮನುಷ್ಯ ಯಾಕೆ ಅಲ್ಲ ಅಂತಿಲ್ಲ? ಇಷ್ಟು ಜನ ಉಗೀತಿದ್ದಾರೆ. 'ಹಳೆಯ ಮಾತಿನ ಬಗ್ಗೆ ಈಗ ಹೇಳೋದೇನಿಲ್ಲ' ಅಂತಾರೆ, ನಗ್ತಾರೆ. ಅಲ್ಲ ಅಂದ್ರೆ, ಹಾಗಾದ್ರೆ ನೀವು ಹೇಳಿದ್ದೇನು ಅಂತ ಕೇಳ್ತಾರೆ, ಅದಕ್ಕೆ ತಾನೆ?" ಅವನು ದನಿ ತಗ್ಗಿಸಿದ. "ಇನ್ನೊಂದು ಹೇಳ್ತೀನಿ, ನಾನು ಹೇಳಿದೆ ಅನ್ಬೇಡಿ. ಮೂರನೇ ಪ್ರತಿ ಕಚೇರಿಗೆ ಹೋಯ್ತಲ್ಲ, ಆಗ ಆ ಕಚೇರಿಗೆ ದೊಡ್ಡವರು ಯಾರಿದ್ರು?"

ಅವಳಿಗೆ ಗೊತ್ತಿತ್ತು. ಆ ಭಾವಚಿತ್ರದ ಮನುಷ್ಯರೇ.

"ಈಗ ಗಾಳಿ ಎತ್ತ ಬೀಸ್ತಿದೆ ನೋಡಿ. ಉಗಿಯೋರು ಉಗೀಲಿ, ಗಡಿ ಯುದ್ಧ ಸಾಕು ಅನ್ನೋರೇ ಜಾಸ್ತಿ. ಈ ಮಾತು ಅವರದು ಅಂತಾದ್ರೆ ಲಾಭ ಯಾರಿಗೆ?" ಎಂದ ಪೆನ್ಸಿಲ್. "ನಾಡಿದ್ದು ಸಂಸದರ ಸಮಿತಿ ಅವರನ್ನ ಕೂರಿಸಿ ಪ್ರಶ್ನೆ ಕೇಳುತ್ತೆ. ಗೂಡಿನ ಪಾಳಿ ಯಾರದು, ನೋಡಿದ್ರಾ?"

ಅವಳು ನೋಡಿದ್ದಳು. ಅವರಿಬ್ಬರದೇ. ಪಟ್ಟಿಯಲ್ಲಿ ಇನ್ನೂ ಆರು ಜನರಿದ್ದಾರೆ. ಯಾರೋ ಅವರಿಬ್ಬರನ್ನೇ ಆರಿಸಿದ್ದಾರೋ, ಸುಮ್ಮನೆ ಸರದಿ ಬಂದದ್ದೋ ಕೇಳಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಹೊರಡುವಾಗ ಪೆನ್ಸಿಲ್ ಬಾಗಿಲ ತನಕ ಬಂದು, "ಹೇಳ್ಬಿಡ್ತೀರಾ?" ಎಂದ. ಭಯವೋ ಆಸೆಯೋ, ಅವನ ದನಿಯಲ್ಲಿ ಏನಿತ್ತೆಂದು ಅವಳು ತೂಗಿ ನೋಡಿದಳು. ಎರಡೂ ಇದ್ದವು.

ಸಮಿತಿಯ ದಿನ ಹೊರಡುವಾಗ, ಮಗಳು ತಾನು ನೇರಪ್ರಸಾರ ನೋಡುವುದಾಗಿ ಹೇಳಿದಳು. ಹೇಳಿಕೆಗೆ ಸಹಿ ಬಿದ್ದಾಗಿತ್ತು.

ಗೂಡಿನೊಳಗೆ ಕತ್ತಲಿತ್ತು. ಓದುವ ದೀಪ ಹಾಕದಿದ್ದರೆ ಸಭಾಂಗಣದವರಿಗೆ ಅದರ ಗಾಜಿನಲ್ಲಿ ತಮ್ಮ ನೆರಳೇ ಕಾಣುತ್ತದೆ, ಒಳಗಿರುವವರು ಕಾಣುವುದಿಲ್ಲ; ದುಭಾಷಿಗಳೆಲ್ಲ ಹಾಗೇ ಕೂರುವುದು. ಕೆಳಗೆ ಸಲಹೆಗಾರರು ಕೈಗಳನ್ನು ಮೇಜಿನ ಕೆಳಗೆ ಕಟ್ಟಿಕೊಂಡು ರಾಜಧಾನಿಯ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ಆ ಭಾಷೆ ಬಾರದ ಅವಳ ನಾಡಿನ ಸದಸ್ಯರೂ, ಅಲ್ಲಿನ ಮನೆಗಳಲ್ಲಿ ಟೀವಿ ಮುಂದೆ ಕೂತವರೂ ಕೇಳುತ್ತಿದ್ದದ್ದು ಅವಳ ದನಿಯನ್ನು. ವ್ಯಾಪಾರ, ಬಂದರು, ವೀಸಾ. ಎಲ್ಲಕ್ಕೂ ಅವಳು ನಾನು, ನಾನು ಎನ್ನುತ್ತ ಹೋದಳು. ಪೆನ್ಸಿಲ್ ಚೀಟಿಗಳನ್ನು ತಳ್ಳುತ್ತಿದ್ದ.

ಹನ್ನೊಂದೂಕಾಲಿಗೆ ಒಬ್ಬ ಹಿರಿಯ ಸದಸ್ಯೆ ಕನ್ನಡಕ ತೆಗೆದು ಕೇಳಿದರು: "ಸುತ್ತಿ ಬಳಸಿ ಬೇಡ. ಕಣಿವೆಯಿಂದ ಸೈನ್ಯ ಹಿಂದಕ್ಕೆ ಕರೆಸಬೇಕು ಅಂದದ್ದು ನೀವೇ ಹೌದಾ, ಅಲ್ವಾ?"

ಸಲಹೆಗಾರರು ಕ್ಯಾಮೆರಾ ಕಡೆಗೊಮ್ಮೆ ನೋಡಿದರು. ನಿಧಾನವಾಗಿ, ನೋವಿರುವವರ ಹಾಗೆ ಹೇಳಿದರು. ಹೌದು, ಹೇಳಿದವನು ನಾನೇ. ಆ ಕೋಣೆಯಲ್ಲಿ ಆ ದಿನ ಅದನ್ನು ಹೇಳುವ ಧೈರ್ಯ ಇನ್ನೊಬ್ಬರಿಗೆ ಇರಲಿಲ್ಲ.

ಅವಳ ಕಿವಿಗೆ ಅದು ಪೂರ್ತಿ ಬಂತು. ಬಾಯಿಂದ ಹೊರಡಲಿಲ್ಲ. ದುಭಾಷಿ ಎರಡು ಸೆಕೆಂಡು ಸುಮ್ಮನಾದರೆ ಕೇಳುವವರು ಹೆಡ್‌ಫೋನನ್ನು ಸರಿಮಾಡಿಕೊಳ್ಳುತ್ತಾರೆ. ನಾಲ್ಕಾದರೆ ಹಿಂತಿರುಗಿ ನೋಡುತ್ತಾರೆ. ಮೂವರು ಸದಸ್ಯರು ಹಿಂತಿರುಗಿದರು. ಪೆನ್ಸಿಲ್ ಮೈಕಿನ ಕಡೆ ಕೈ ಚಾಚಿದ. ಅವಳಿಗೆ ಆಗದಿದ್ದರೆ ಅವನು ತೆಗೆದುಕೊಳ್ಳಬೇಕು, ರೂಢಿ ಅದೇ. ಅವಳು ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

"ಮಾತಾಡುತ್ತಿರುವವರು ಸಲಹೆಗಾರರು," ಎಂದಳು. ದನಿ ಅವಳಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. "ಆ ಮಾತು ತಮ್ಮದೆಂದು ಸಲಹೆಗಾರರು ಹೇಳುತ್ತಿದ್ದಾರೆ. ಆ ಕೋಣೆಯಲ್ಲಿ ಅದನ್ನು ಹೇಳುವ ಧೈರ್ಯ ಇನ್ನೊಬ್ಬರಿಗೆ ಇರಲಿಲ್ಲವೆಂದೂ ಅವರು ಹೇಳುತ್ತಿದ್ದಾರೆ."

ಕನ್ನಡಕ ಹಾಕಿಕೊಳ್ಳುತ್ತಿದ್ದ ಹಿರಿಯ ಸದಸ್ಯೆ ಅರ್ಧದಲ್ಲೇ ಕೈ ತಡೆದರು. ಅಲ್ಲಿಯವರೆಗೆ ಎಲ್ಲದಕ್ಕೂ ನಾನು ಎಂದಿದ್ದ ದನಿ ಇದೊಂದಕ್ಕೆ ಅನ್ನಲಿಲ್ಲವೆಂಬುದು ಅವರಿಗೆ ತಾಗಿತ್ತು. ಅವರು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, ಸಲಹೆಗಾರರನ್ನು ಬಿಟ್ಟು, ಹಿಂದಿನ ಗಾಜಿನ ಕಡೆ ತಿರುಗಿದರು. ಅವರ ದೃಷ್ಟಿಯ ಜಾಡು ಹಿಡಿದು ಸಲಹೆಗಾರರೂ ನೋಡಿದರು. ಅವರ ಕೈಗಳು ಮೇಜಿನ ಮೇಲೆ ಬಂದಿದ್ದವು.

ಪೆನ್ಸಿಲ್ ಮುಂದಿದ್ದ ಚೀಟಿಯಲ್ಲಿ ಏನೋ ಬರೆಯಹೊರಟು, ಬರೆಯದೆ, ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ.

ಅವಳು ಕೈ ಚಾಚಿ ಓದುವ ದೀಪವನ್ನು ಹಾಕಿದಳು.