ಎರಡು ಸಲ ಹಿಂದೆ ಹೋದ ಗಡಿಯಾರ

"ಇಂಟರ್‌ನೆಟ್ಟಿಗೆ ಬೀಗ ಹಾಕಿದೋಳೂ ನೀನೇ, ಕೀಲಿ ಕಳ್ಕೊಂಡೋಳೂ ನೀನೇ," ಎಂದು ಯಜಮಾನ ಸಿ ಬೂಶೈಬ್ ಕಚೇರಿಯ ಹಾಲ್‌ನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. "ಇವತ್ತು ಕಸ್ಟಮ್ಸಿಗೆ ಕಾಗದ ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಬರ್ಬೇಡ."

ಬೈಸಿಕೊಂಡವಳು ವಿದಾದ್. ಅಗಾದಿರ್ ಬಂದರಿನ ಆ ಸಣ್ಣ ಮೀನು ರಫ್ತು ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಅವಳೊಬ್ಬಳೇ. ಅಲ್ಲಿ ಎಲ್ಲರೂ ಪ್ರಾಕ್ಸಿ ಸರ್ವರ್ ಎಂಬ ಒಂದೇ ಯಂತ್ರದ ಮೂಲಕ ಇಂಟರ್‌ನೆಟ್ಟಿಗೆ ಹೋಗಬೇಕು. ಬೆಳಿಗ್ಗೆಯಿಂದ ಅದು ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು, ಕೊಟ್ಟರೆ ಆಗದು ಎನ್ನುತ್ತಿತ್ತು, ಮತ್ತೆ ಕೇಳುತ್ತಿತ್ತು. ಕೆಲಸದ ಹೊತ್ತಿನಲ್ಲಿ ಜನ ಫುಟ್‌ಬಾಲ್ ನೋಡುತ್ತಾರೆಂದು ಈ ಕಾವಲು ಹಾಕಿಸಿದವರು ಸಿ ಬೂಶೈಬರೇ. ಈಗ ಆಕ್ಟೋಪಸ್ ತುಂಬಿದ ಲಾರಿ ಗೇಟಿನಲ್ಲಿ ನಿಂತಿದೆ, ರಂಜಾನಿನಲ್ಲಿ ಕಸ್ಟಮ್ಸಿನವರು ಬೇಗ ಬಾಗಿಲು ಹಾಕುತ್ತಾರೆ, ತಪ್ಪು ಮಾತ್ರ ವಿದಾದಳದು.

ಅಂದು ಉಪವಾಸದ ಮೊದಲ ದಿನ. ಸಿಗರೇಟಿಲ್ಲದ ಗಂಡಸರ ಜೊತೆ ಆ ಊರಿನಲ್ಲಿ ಯಾರೂ ವಾದಿಸುವುದಿಲ್ಲ. ಪಾಪ, ರಂಜಾನ್ ತಲೆಗೇರಿದೆ ಎಂದು ಸುಮ್ಮನಾಗುತ್ತಾರೆ. ಅದು ತಲೆಗೇರಿದವರು ಯಾವಾಗಲೂ ಕೈಕೆಳಗಿನವರನ್ನೇ ಏಕೆ ಬೈಯುತ್ತಾರೆ, ಬ್ಯಾಂಕ್ ಮ್ಯಾನೇಜರನನ್ನು ಏಕಿಲ್ಲ ಎಂದು ಕೇಳಿದವರಿಲ್ಲ. ಹಾಗೆ ನೋಡಿದರೆ ವಿದಾದಳೂ ಹಸಿದಿದ್ದಳು.

ಅವಳು ಕೇಬಲ್ಲುಗಳನ್ನು ತೆಗೆದು ಹಾಕಿದಳು. ಒಬ್ಬೊಬ್ಬರ ಪಾಸ್‌ವರ್ಡ್ ಬದಲಿಸಿ ನೋಡಿದಳು. ತಾನು ಇಟ್ಟ ಯಾವ ಸೆಟ್ಟಿಂಗೂ ಬದಲಾಗಿಲ್ಲ, ದೋಷ ಬೇರೆಲ್ಲೋ ಇದೆ ಎಂದಾಗ ಸಿ ಬೂಶೈಬ್ ಲೆಕ್ಕ ಬರೆಯುವ ಲಲ್ಲಾ ಜುಬೈದಾರ ಕಡೆ ತಿರುಗಿ ನಕ್ಕರು.

"ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ."

ಜುಬೈದಾ ನಗಲಿಲ್ಲ. ವಿದಾದ್ ಅಡುಗೆಕೋಣೆಯ ಹಿಂದಿನ ಸರ್ವರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳು ಬರಲಿಲ್ಲ, ಏನನ್ನಾದರೂ ಒದೆಯಬೇಕೆನಿಸಿತು. ನಿಂತೇ ಯಂತ್ರದ ದಾಖಲೆ ತೆರೆದು ಸಾಲು ಸಾಲಾಗಿ ಓದಿದಳು. ಪ್ರತಿ ಸಾಲಿನಲ್ಲೂ ಒಂದೇ ದೂರು: ಸಮಯ ಹೊಂದುತ್ತಿಲ್ಲ. ಪರದೆಯ ಮೂಲೆಯ ಗಡಿಯಾರವನ್ನೂ ತನ್ನ ಮೊಬೈಲನ್ನೂ ನೋಡಿದಳು. ಯಂತ್ರ ಒಂದು ಗಂಟೆ ಹಿಂದಿತ್ತು. ಉಳಿದ ಕಂಪ್ಯೂಟರುಗಳ ಸಮಯಕ್ಕೆ ಹೊಂದದಿದ್ದರೆ ಅದು ಯಾರ ಪಾಸ್‌ವರ್ಡನ್ನೂ ನಂಬುವುದಿಲ್ಲ.

ರಂಜಾನಿಗೆ ಅಲ್ಲಿ ಇಡೀ ದೇಶವೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತದೆ. ಹಿಂದಿನ ದಿನ, ಭಾನುವಾರ, ಕಂಪ್ಯೂಟರುಗಳೆಲ್ಲ ತಾವಾಗಿಯೇ ಹಿಂದೆ ಹೋಗಿದ್ದವು. ಇದೊಂದು ಮಾತ್ರ ಎರಡು ಸಲ ಹೋಗಿತ್ತು. ಎರಡನೆಯ ಸಲ ಯಾರೋ ಕೈಯಾರೆ ತಿರುಗಿಸಿದ್ದರು. ಆ ಕೋಣೆಯ ಕೀಲಿ ಇದ್ದದ್ದು ಅವಳ ಮತ್ತು ಯಜಮಾನರ ಬಳಿ ಮಾತ್ರ, ಭಾನುವಾರ ಅವಳು ಮನೆಯಲ್ಲಿದ್ದಳು.

ಸಿಟ್ಟು ನೆತ್ತಿಗೇರಿತು. ಆದರೂ ಮೊದಲು ಗಡಿಯಾರ ಸರಿಮಾಡಿದಳು. ಹಾಲ್‌ನ ಕಂಪ್ಯೂಟರುಗಳಿಗೆ ಇಂಟರ್‌ನೆಟ್ ತೆರೆದುಕೊಂಡಿತು, ಕಾಗದ ಹೋಯಿತು, ಲಾರಿ ಹೊರಟಿತು. ಆಮೇಲೆ ಯಜಮಾನರನ್ನು ಒಳಗೆ ಕರೆದು ತೋರಿಸಿದಳು.

ಅವರು ಪರದೆ ನೋಡಿದರು. ಪ್ರತಿ ವರ್ಷ ಮನೆಯದು, ಕಾರಿನದು, ಕಚೇರಿಯದು ಎಲ್ಲ ಗಡಿಯಾರ ತಿರುಗಿಸುವುದು ತಾವೇ, ಇದು ತಾನಾಗಿ ತಿರುಗುತ್ತದೆಂದು ಯಾರಿಗೆ ಗೊತ್ತು ಎಂದರು. ಆಮೇಲೆ ದನಿ ತಗ್ಗಿಸಿದರು.

"ತಪ್ಪಾಯ್ತು ಮಗಳೇ. ನಾಳೆ ಬಾ."

"ಬೈದಿದ್ದು ಹೊರಗೆ ಹಾಲ್‌ನಲ್ಲಿ, ಸಿ ಬೂಶೈಬ್. ಇದನ್ನೂ ಅಲ್ಲೇ ಹೇಳಿ."

"ಕೆಲಸ ಉಳೀತಲ್ಲ, ಇನ್ನೇನು ಬೇಕು ನಿಂಗೆ?" ಎಂದು ಅವರು ಹೊರಗೆ ಹೊರಟರು. ವಿದಾದ್ ಹಿಂದೆಯೇ ನಡೆದು, ಬೆಳಿಗ್ಗೆ ಅವರು ನಿಂತಿದ್ದ ಜಾಗದಲ್ಲೇ ನಿಂತಳು.

"ಸರ್ವರಿನ ಗಡಿಯಾರ ಕೆಡಿಸಿದ್ದು ಯಜಮಾನ್ರು," ಎಂದಳು. "ನಾನಲ್ಲ."

ಯಾರೂ ತಲೆ ಎತ್ತಲಿಲ್ಲ. ಸಿ ಬೂಶೈಬ್ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಲಲ್ಲಾ ಜುಬೈದಾ ಪರದೆಯಿಂದ ಕಣ್ಣು ತೆಗೆಯದೆ, ಪಕ್ಕದ ಖಾಲಿ ಕುರ್ಚಿಯನ್ನು ಕಾಲಿನಿಂದ ಮೆಲ್ಲಗೆ ವಿದಾದಳ ಕಡೆ ತಳ್ಳಿದರು.